ಕಾಡಿನ ಅಂಚು

ಮಾರ್ಚ್ 3, ಸೋಮವಾರ

ಒಗೆಯೋ ಬಟ್ಟೆ ಇವತ್ತೂ ಬಕೆಟ್‌ನಲ್ಲೇ. ಇಂಗ್ಲಿಷ್ ಮೇಡಂ ಎಲ್ಲರಿಗೂ ಒಂದೊಂದು ಈಡಿಯಂ ಆರಿಸ್ಕೊಳ್ಳಿ ಅಂದ್ರು. ಮುಂದಿನ ಸೋಮವಾರ ಎದ್ದು ನಿಂತು ಹೇಳ್ಬೇಕು — ಅರ್ಥ, ಬಳಕೆ, ಸ್ವಂತ ವಾಕ್ಯ. ಇಂಟರ್ನಲ್ ಮಾರ್ಕ್ಸ್ ಇದೆ. ರೂಮ್‌ಮೇಟ್ 'ಪೀಸ್ ಆಫ್ ಕೇಕ್' ಎತ್ಕೊಂಡ್ಳು. ಅವಳಿಗೆ ಎಲ್ಲಾ ಹಾಗೇ, ಸಲೀಸು.

ಮಧ್ಯಾಹ್ನ ಆಸ್ಪತ್ರೆಯಿಂದ ಅಪ್ಪನ ಫೋನ್. ಅಮ್ಮ ಆಪರೇಷನ್ ಆದಾಗಿಂದ ಐಸಿಯುನಲ್ಲೇ ಇದ್ದಾಳೆ. ಡಾಕ್ಟರ್ ಹೊರಗೆ ಬಂದ ತಕ್ಷಣ ಅಪ್ಪ ಫೋನ್ ಸ್ಪೀಕರ್‌ಗೆ ಹಾಕಿ ಅವರ ಮುಂದೆ ಹಿಡೀತಾನೆ. ಅವರಿಗೆ ನಮ್ಮ ಮಾತು ಬರಲ್ಲ, ಅಪ್ಪನಿಗೆ ಇಂಗ್ಲಿಷ್ ಬರಲ್ಲ. ನಡುವೆ ನಾನು. ಅಮ್ಮ ಹೇಳ್ತಿದ್ಲು, "ಹೆತ್ತಿದ್ದು ಮಗಳನ್ನ, ಹಾಸ್ಟೆಲ್‌ನವರು ವಾಪಸ್ ಕೊಟ್ಟಿದ್ದು ಇಂಗ್ಲಿಷನ್ನ."

ಡಾಕ್ಟರ್ ಅಂದ್ರು — ಶಿ ಈಸ್ ನಾಟ್ ಔಟ್ ಆಫ್ ದ ವುಡ್ಸ್ ಯೆಟ್.

ಅಪಾಯ ಅನ್ನೋ ಪದ ನಾಲಿಗೆ ತುದಿಗೆ ಬಂತು. ನುಂಗಿದೆ. "ಇನ್ನೂ ಕಾಡು ದಾಟಿಲ್ಲ ಅಂತಾರೆ ಅಪ್ಪ."

ಅಪ್ಪ, "ದಾಟ್ತಾಳೆ ಬಿಡು. ದಾರಿ ತಪ್ಪೋದೆಲ್ಲಾ ನಾನು. ಅವಳಲ್ಲ."

ನನ್ನ ಈಡಿಯಂ ಸಿಕ್ತು.

ಮಾರ್ಚ್ 5, ಬುಧ

ಮೇಡಂಗೆ ಬರೆದದ್ದು ತೋರಿಸಿದೆ. ಅರ್ಥ ಸರಿಯಿದೆ — ಗಂಡಾಂತರ ಕಳೆದು ಹೊರಗೆ ಬರೋದು. ಬಳಕೆ ನೋಡು ಅಂದ್ರು. ಕಾಯಿಲೆ, ವ್ಯಾಪಾರ, ಸೋಲ್ತಾ ಇರೋ ಮ್ಯಾಚು, ಎಲ್ಲಕ್ಕೂ ನಡೆಯುತ್ತೆ. ಆದ್ರೆ ಜನ ಹೆಚ್ಚಾಗಿ 'ಇಲ್ಲ' ಸೇರಿಸಿಯೇ ಹೇಳೋದು. ಹೊರಗೆ ಬಂದಿಲ್ಲ, ಇನ್ನೂ ಬಂದಿಲ್ಲ...

ಯಾಕೆ ಮೇಡಂ ಅಂದೆ.

"ಬಂದ ಮೇಲೆ ಕಾಡಿನ ಸುದ್ದಿ ಯಾರಿಗೆ ಬೇಕಮ್ಮಾ?"

ಅಪ್ಪ ಆ ಕಾಡನ್ನೇ ಹಿಡ್ಕೊಂಡಿದ್ದಾನೆ. "ಇವತ್ತು ಎಲ್ಲೀತನಕ ಬಂದ್ಲಂತೆ, ಕೇಳು." ಡಾಕ್ಟರ್ ಕಿಡ್ನಿಯ ಕ್ರಿಯಾಟಿನಿನ್ ಅಂತಾರೆ, ಇನ್ಫೆಕ್ಷನ್ ಅಂತಾರೆ. ನಾನು ಹಳ್ಳ ದಾಟಿದ್ಲು, ದಿಣ್ಣೆ ಹತ್ತಿದ್ಲು ಅಂತೀನಿ. ಹಿಂದಿನಿಂದ ಅತ್ತೆ, ಅಪ್ಪನ ತಂಗಿ: "ನಿಮ್ಮಮ್ಮ ಕಾಡಲ್ಲೂ ನಿಂತು ಕಸ ಗುಡಿಸ್ತಿರ್ತಾಳೆ. ಅದಕ್ಕೇ ಲೇಟು." ಮೂವರೂ ನಕ್ವಿ. ಅಪ್ಪ ನಕ್ಕಿದ್ದು ಕೇಳಿ ಎಷ್ಟು ದಿನ ಆಗಿತ್ತು.

ಮಾರ್ಚ್ 7, ಶುಕ್ರ

ಡಾಕ್ಟರ್ ದನಿ ಇವತ್ತು ಬೇರೆ ಥರ. ನಿಧಾನ. ಕಿಡ್ನಿ ಕೈಕೊಟ್ಟಿದೆ. ಔಷಧಿ ಬದಲಾಯಿಸಿದ್ರೂ ಇನ್ಫೆಕ್ಷನ್ ಬಗ್ತಿಲ್ಲ. ಕೊನೆಗೆ — ಯು ಶುಡ್ ಪ್ರಿಪೇರ್ ಯುವರ್ ಫಾದರ್. ಅಪ್ಪನನ್ನ ತಯಾರು ಮಾಡು ಅಂತ. ಅಪ್ಪ ಕೈಯಲ್ಲಿ ಹಿಡ್ಕೊಂಡಿರೋ ಫೋನಿಗೇ ಹೇಳಿದ್ರು. ಅಪ್ಪನ ಮುಂದೇನೇ.

"ಏನಂತೆ?"

"ಕಾಡಿನ ಅಂಚಿಗೆ ಬಂದಿದ್ದಾಳಂತೆ."

"ಅಂಚಿಗಾ?"

"ಹೂಂ. ಬೆಳಕು ಕಾಣ್ತಿದೆಯಂತೆ."

ಯಾಕೆ ಹಾಗಂದೆ. ಗೊತ್ತಿಲ್ಲ. ಬಾಯಿ ತಾನಾಗೇ ಹೇಳ್ತು.

ಇವತ್ತೇ ಬರ್ತೀನಿ ಅಂದೆ. "ಸೋಮವಾರ ನಿನ್ನ ಇಂಗ್ಲಿಷ್ ಮಾತು ಇದೆಯಲ್ಲ. ಮುಗಿಸ್ಕೊಂಡೇ ಬಾ. ಅಂಚಿಗೆ ಬಂದೋಳು ಎಲ್ಲಿಗೆ ಹೋಗ್ತಾಳೆ?"

ನಾನೇ ಹೇಳಿದ ಸುಳ್ಳು, ನನ್ನ ಕಾಲಿಗೇ ಸುತ್ಕೊಂತು.

ಮಾರ್ಚ್ 9, ಭಾನುವಾರ

ಅಪ್ಪ ಫೋಟೋ ಕಳಿಸಿದ್ದಾನೆ. ಎಲೆಕ್ಟ್ರಿಷಿಯನ್ ಅಲ್ವಾ — ಮನೇಲಿ ಅಮ್ಮನ ಮಂಚದ ಪಕ್ಕ ಗೋಡೆ ಕೊರೆದು ಸ್ವಿಚ್ ಬೋರ್ಡ್ ಕೆಳಕ್ಕೆ ಇಳಿಸಿದ್ದಾನೆ. ಮಲಗಿದಲ್ಲೇ ಕೈಗೆ ಸಿಗೋ ಹಾಗೆ. ಲೈಟು, ಫ್ಯಾನು, ಅಡುಗೆಮನೆಗೆ ಕೇಳೋ ಒಂದು ಬೆಲ್ಲು. ಮೇಲಿಂದ ಕೆಳಗಿನ ತನಕ ಸಿಮೆಂಟಿನ ಹಸಿ ಗೆರೆ. ಜೊತೆಗೆ ವಾಯ್ಸ್ ಮೆಸೇಜ್: "ಊರವರ ಮನೇಲೆಲ್ಲಾ ಮಾಡ್ದೆ. ಅವಳು ಕೇಳ್ದಾಗೆಲ್ಲಾ ನಾಳೆ ಅಂದೆ."

ಮೂರು ಸಲ ಕೇಳಿಸ್ಕೊಂಡೆ. ಫೋನ್ ಮಾಡಿ ನಿಜ ಹೇಳ್ಬೇಕು ಅಂತ ನಂಬರ್ ಒತ್ತಿದೆ, ಕಟ್ ಮಾಡ್ದೆ. 'ಚೆನ್ನಾಗಿದೆ ಅಪ್ಪ' ಅಂತ ಟೈಪ್ ಮಾಡಿ ಕಳಿಸ್ದೆ.

ನಾಳೆ ಕ್ಲಾಸಿಂದ ನೇರ ಬಸ್‌ಸ್ಟ್ಯಾಂಡಿಗೆ. ಬ್ಯಾಗ್ ತುಂಬಿಟ್ಟಿದ್ದೀನಿ. ಅಮ್ಮನ ಮುಂದೆ ನಿಂತ್ಕೊಂಡು ಹೇಳಿದ್ರೆ ಅಪ್ಪನಿಗೂ... ನೋಡೋಣ.

ಮಾರ್ಚ್ 10, ಬೆಳಿಗ್ಗೆ

ಕ್ಲಾಸಿಗೆ ಮೆಟ್ಟಿಲು ಹತ್ತುತ್ತಿದ್ದೆ. ಅಪ್ಪನ ಫೋನ್. ಡಾಕ್ಟರ್ ಬಂದ್ರಾ, ಸ್ಪೀಕರ್‌ಗೆ ಹಾಕು ಅಂದೆ.

"ಬೇಡ ಮಗಾ. ಇವತ್ತು ಅವರು ಏನೂ ಮಾತಾಡ್ಲಿಲ್ಲ. ಹೆಗಲ ಮೇಲೆ ಕೈ ಇಟ್ರು."

ಮಾರ್ಚ್ 22, ಶನಿ. ಮನೆ

ಅಮ್ಮನ ಮಂಚದ ಮೇಲೆ ಕೂತಿದ್ದೀನಿ. ತಿಥಿಗೆ ಬಂದವರೆಲ್ಲಾ ಹೋದ್ರು. ಅತ್ತೇನೂ ಹೋದ್ರು. ಮೇಡಂ ಮೆಸೇಜ್ — ಯಾವಾಗ ಬಂದ್ರೂ ಸರಿ, ಬೇಕಿದ್ರೆ ಬೇರೆ ಈಡಿಯಂ ತಗೋ.

ಅಪ್ಪನಿಗೆ ಇವತ್ತು ಹೇಳ್ದೆ. ಅವತ್ತು ಶುಕ್ರವಾರ ಡಾಕ್ಟರ್ ಅಂಚು ಅಂದಿರ್ಲಿಲ್ಲ, ಬೆಳಕೂ ಅಂದಿರ್ಲಿಲ್ಲ. ಅಪ್ಪ ಟೆಸ್ಟರ್ ಒರೆಸ್ತಾ ಕೂತಿದ್ದ. ತಲೆ ಎತ್ತಲಿಲ್ಲ.

"ಗೊತ್ತು. ಅವತ್ತು ಸಂಜೇನೇ ನರ್ಸಮ್ಮ ನಮ್ಮ ಮಾತಲ್ಲೇ ಬಿಡಿಸಿ ಹೇಳಿದ್ರು."

"ಮತ್ತೆ ಈ ಸ್ವಿಚ್ಚು?"

"ಬೆಳಕು ಕಾಣ್ತಿದೆ ಅಂದ್ಯಲ್ಲ ನೀನು. ಸುಳ್ಳು ಮಾಡೋಕೆ ಮನಸ್ಸಾಗ್ಲಿಲ್ಲ. ಕೈಗೊಂದು ಕೆಲ್ಸಾನೂ ಬೇಕಿತ್ತು."

"ನನ್ನ ಕರೀಬಹುದಿತ್ತಲ್ಲಪ್ಪ. ಶನಿವಾರ ಬಂದಿದ್ರೂ ನೋಡ್ತಿದ್ದೆ."

ತುಂಬಾ ಹೊತ್ತು ಟೆಸ್ಟರ್ ಒರೆಸಿದ. "ಕರೀಬೇಕಿತ್ತು. ನಾಳೆ ಅಂದ್ಕೊಂಡೆ."

ಎದ್ದು ಅಡುಗೆಮನೆಗೆ ಹೋದ. ಈಗ ಪಾತ್ರೆ ತೊಳೆಯೋ ಸದ್ದು. ಒಂದೇ ಪಾತ್ರೆ, ಎಷ್ಟು ಹೊತ್ತಿಂದಲೋ.

ಮಲಗಿ ನೋಡ್ದೆ. ಬೋರ್ಡ್ ನಿಜವಾಗ್ಲೂ ಕೈಗೆ ಸಿಗುತ್ತೆ. ಮೊಣಕೈ ಕೂಡ ಎತ್ತೋದು ಬೇಡ. ಅಳತೆ ಅಷ್ಟು ಸರಿಯಾಗಿದೆ. ಬೆಲ್ಲನ್ನ ಯಾರೂ ಇನ್ನೂ ಒತ್ತಿರ್ಲಿಲ್ಲ. ಒತ್ತಿದೆ.

ಒಳಗೆ ಪಾತ್ರೆ ಸದ್ದು ನಿಂತಿತು.

"ಬಂದೆ ಕಣೇ" ಅಂದ ಅಪ್ಪ.

ನನಗೆ ಯಾವತ್ತೂ ಕಣೇ ಅಂದೋನಲ್ಲ. ಬಾಗಿಲ ತನಕ ಬಂದು ನಿಂತಿದ್ದಾನೆ, ಒದ್ದೆ ಕೈ ಹಾಗೇ ಹಿಡ್ಕೊಂಡು. ನಾನು ಮಂಚದ ತುದಿಗೆ ಸರಿದು ಜಾಗ ಬಿಟ್ಟೆ.