ಭಾವನ ಬೆನ್ನು, ಅಕ್ಕನ ಕಿಟಕಿ

ನವೆಂಬರ್ ೧೭, ಸೋಮವಾರ

ಬಾಮೈದ ಮಹಾಶಯನಿಗೆ,

ನಿನ್ನ ಭಾವನ ಆಶೀರ್ವಾದ. ನಿನ್ನ ಎರಡು ಕಾಗದಗಳೂ ಕೈಸೇರಿವೆ. ತಡವಾಗಿ ಬರೆಯುತ್ತಿದ್ದೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೊದಲ ಕಾಗದ ಬಂದಾಗ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಎರಡನೆಯದು ಬಂದಾಗ ಕೂರಲು ಆಗುತ್ತಿತ್ತು, ಬರೆಯಲು ಮಾತು ಬರಲಿಲ್ಲ. ನಾಟಕ ಕಂಪನಿಯಲ್ಲಿ ನೀನು ಪ್ರಾಂಪ್ಟರ್ ಆಗಿದ್ದವನು. ನಾನು ಕಿರೀಟ ಇಟ್ಟುಕೊಂಡು ಕಕ್ಕಾಬಿಕ್ಕಿಯಾಗಿ ನಿಂತಾಗ ಪರದೆಯ ಪಕ್ಕದಿಂದ ಮಾತು ಎತ್ತಿಕೊಟ್ಟವನು. ಈಗ ನಾನೇ ತಡವರಿಸಿಕೊಂಡು ಹೇಳಬೇಕು. ಹೆಚ್ಚುಕಮ್ಮಿ ಇದ್ದರೆ ಹೊಟ್ಟೆಗೆ ಹಾಕಿಕೊ.

ಎರಡರಲ್ಲೂ ನೀನು ಕೇಳಿದ್ದು ಒಂದೇ ಪ್ರಶ್ನೆ. ಲಕ್ವ ಹೊಡೆದು ಕಾಲು ಬಿದ್ದುಹೋದ ಅಕ್ಕನನ್ನು ದಿನಾ ಬೆಳಿಗ್ಗೆ ಎತ್ತಿ ಕಿಟಕಿಯ ಪಕ್ಕ ಕೂರಿಸುತ್ತಿದ್ದವರು ಯಾಕೆ ನಿಲ್ಲಿಸಿದಿರಿ? ಬೇಸಿಗೆಯಲ್ಲಿ ಬಂದಾಗ ಇದನ್ನೇ ಕೂಗಿ ಕೇಳಿದ್ದೆ. "ನಮ್ಮಕ್ಕನ್ನ ಸುತ್ತಿಟ್ಟ ಹಾಸಿಗೆ ಥರ ಮೂಲೆಗೆ ಹಾಕಿದ್ದೀರಲ್ಲ ಭಾವ" ಅಂದೆ. ಬಡಿಸಿದ ತಟ್ಟೆ ಬಿಟ್ಟು ಎದ್ದು ಹೋದೆ. ಭಾವ ಬಾಗಿಲವರೆಗೂ ಬರಲಿಲ್ಲ ಎಂದು ಇನ್ನೂ ಕುದಿಯುತ್ತಿರುತ್ತೀಯ. ಆವತ್ತು ನನಗೆ ಸ್ಟೂಲಿನಿಂದ ಏಳಲು ಆಗಲಿಲ್ಲ, ಅಷ್ಟೇ. ನಿನ್ನೆದುರು ಕಾಲ ಮೇಲೆ ಕಾಲು ಹಾಕಿ ರಾಜಗಾಂಭೀರ್ಯದಿಂದ ಕೂತಿದ್ದೆ. ನೀನೂ ನಂಬಿದೆ.

ಕೇಳು. ಪ್ರತಿ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಪ್ರವೇಶ ನಡೆಯುತ್ತಿತ್ತು. ನಾನು ಮಂಚದ ಬಳಿ ನಿಂತು, ಇಡೀ ಬೀದಿಗೆ ಕೇಳುವ ಹಾಗೆ, "ಸಮಸ್ತ ಭೂಮಂಡಲವನ್ನು ಕಣ್ಣಂಚಿನಿಂದಲೇ ಆಳುವ ಮಹಾರಾಣಿಯವರು ಆಸ್ಥಾನಕ್ಕೆ ದಯಮಾಡಿಸುತ್ತಿದ್ದಾರೆ" ಎಂದು ಒಂದೇ ಉಸಿರಿನಲ್ಲಿ ಸಾರಬೇಕು. ಸಾರುತ್ತಲೇ ಅವಳನ್ನು ಎತ್ತಬೇಕು. ಅವಳು ನನ್ನ ಕುತ್ತಿಗೆಗೆ ಕೈ ಹಾಕಿ, "ಹೊಗಳಿದ್ದು ಸಾಕು ರೀ, ಬೀಳಿಸಬೇಡಿ" ಅನ್ನಬೇಕು. ಕಿಟಕಿಯ ಹೊರಗೆ ಇರುವುದಾದರೂ ಏನು? ಎದುರಿಗೆ ದರ್ಜಿಯ ಅಂಗಡಿ, ಸೈಕಲ್ ರಿಪೇರಿಯವನು, ಬಸ್ಸಿಗೆ ಕಾಯುವ ಜನ. ಅವರೆಲ್ಲರಿಗೂ ನಿನ್ನ ಅಕ್ಕ ಹೆಸರಿಟ್ಟಿದ್ದಳು. ಯಾರು ಯಾರ ಮೇಲೆ ಮುನಿಸಿಕೊಂಡರು, ಯಾರು ಹೊಸ ಚಪ್ಪಲಿ ಹಾಕಿಕೊಂಡರು, ಎಲ್ಲಾ ವರದಿ ಮಧ್ಯಾಹ್ನದ ಊಟಕ್ಕೆ ನನಗೆ ಸಿಗುತ್ತಿತ್ತು.

ಹೀಗೆ ಒಂದು ಬೆಳಿಗ್ಗೆ ಎತ್ತುವಾಗ ಬೆನ್ನಿನ ನಡುವೆ ಒಣಪುಳ್ಳೆ ಮುರಿದ ಹಾಗಾಯಿತು. ಕಣ್ಣಿಗೆ ಕತ್ತಲೆ ಬಂತು. ಕಂಪನಿಯಲ್ಲಿ ಮಾಸ್ತರು ನಮಗೆಲ್ಲ ಕಲಿಸಿದ್ದು ನೆನಪಿದೆಯಲ್ಲ, ಪ್ರಾಣ ಹೋದರೂ ಪರದೆ ಬಿದ್ದಮೇಲೆ ಹೋಗಬೇಕು ಅಂತ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಉಳಿದ ಮಾತು ಮುಗಿಸಿ, ಅಡುಗೆಮನೆಗೆ ಹೋಗಿ ಗೋಡೆ ಹಿಡಿದುಕೊಂಡೆ. ಮಾರನೇ ದಿನ ಮತ್ತೆ ಎತ್ತಿದೆ. ಅದರ ಮಾರನೇ ದಿನವೂ ಎತ್ತಿದೆ. ಆಮೇಲೊಂದು ದಿನ ಅವಳೇ, "ಇವತ್ತು ಬೇಡ ರೀ, ತಲೆ ಸುತ್ತುತ್ತೆ" ಅಂದಳು. ನಾಳೆಯೂ ತಲೆಸುತ್ತು, ನಾಡಿದ್ದೂ ತಲೆಸುತ್ತು. "ಆ ಬೀದಿಯಲ್ಲಿ ನೋಡೋಕೆ ಏನಿದೆ, ಅದೇ ಮುಖಗಳು" ಅಂದಳು. ನನಗೆ ಒಳಗೊಳಗೇ ಹಾಯ್ ಎನಿಸಿತು. ದರ್ಜಿಯನ್ನಾದರೂ ಕರೆಯಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಕೂರುವುದೇ ಬೇಡ ಅನ್ನುವವಳಿಗೆ ಎತ್ತುವವರನ್ನು ಯಾಕೆ ಕರೆಯಲಿ?

ಕೊನೆಗೆ ಒಂದು ದಿನ ಬಚ್ಚಲಿನಲ್ಲಿ ಬಗ್ಗಿದವನು ಬಗ್ಗಿದ ಹಾಗೇ ಉಳಿದೆ. ನನ್ನ ಕೂಗು ಕೇಳಿ ದರ್ಜಿಯೇ ಓಡಿಬಂದು, ಆಟೋ ತರಿಸಿ ಆಸ್ಪತ್ರೆಗೆ ಒಯ್ದ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕತ್ತರಿ.

"ಹತ್ತಕ್ಕೆ ಎಷ್ಟು ನೋವು, ಯಜಮಾನ್ರೇ?"

"ಯಾವ ಪಾತ್ರದಲ್ಲಿ ಹೇಳಲಿ?"

"ರೋಗಿ ಪಾತ್ರದಲ್ಲೇ ಹೇಳಿ."

"ಎರಡು."

ಅವರು ಹೆಬ್ಬೆರಳಿನಿಂದ ಬೆನ್ನಿನ ನಡುವೆ ಒತ್ತಿದರು. ಕಡೇ ಬೆಂಚಿನವನಿಗೂ ಕೇಳಬೇಕು ಎಂದು ಪಳಗಿಸಿದ ಗಂಟಲು ನನ್ನದು. ಹೊರಗೆ ಚೀಟಿ ಹಿಡಿದು ಕೂತಿದ್ದ ಇಬ್ಬರು ಎದ್ದು ಮನೆಗೆ ಹೋದರಂತೆ. ದರ್ಜಿ ಹೇಳಿದ; ಅವನ ಮಾತಿನಲ್ಲಿ ಅರ್ಧ ಕಳೆದು ನಂಬು.

ಸ್ಕ್ಯಾನ್ ಮಾಡಿ ತೋರಿಸಿದರು. ಬೆನ್ನುಮೂಳೆಯ ಒಂದು ಮಣಿ, ಯಾರೋ ಮೇಲೆ ಕೂತ ರಟ್ಟಿನ ಡಬ್ಬಿಯ ಹಾಗೆ ಮುಂದಕ್ಕೆ ಕುಸಿದಿದೆ. "ವಯಸ್ಸಿಗೆ ಮೂಳೆ ಟೊಳ್ಳಾಗಿದೆ, ಭಾರ ಎತ್ತಿದ್ದೀರಿ, ತಡೀಲಿಲ್ಲ. ಔಷಧಿಗೂ ವಿಶ್ರಾಂತಿಗೂ ಬಗ್ಗೋ ಕಾಲ ದಾಟಿದೆ" ಅಂದರು. ಕೊಯ್ಯುವುದಿಲ್ಲವಂತೆ. ಸೂಜಿ ಹೋಗುವಷ್ಟು ತೂತು ಸಾಕಂತೆ. ಎಕ್ಸ್‌ರೇ ನೋಡಿಕೊಂಡು ಆ ಮಣಿಯೊಳಗೆ ಸೂಜಿ ಇಳಿಸಿ ಸಿಮೆಂಟು ತುಂಬುತ್ತಾರಂತೆ.

"ಗೋಡೆಗೆ ಹಾಕೋ ಸಿಮೆಂಟಾ ತಾಯಿ?"

"ಅದರ ದೂರದ ನೆಂಟ."

"ಹಂಗಾದ್ರೆ ಆಮೇಲೆ ನೀರು ಹೊಡೀಬೇಕಾ?"

"ನೀವು ಬಾಯಿ ಮುಚ್ಚಿಕೊಂಡು ಬೋರಲು ಮಲಗಿದ್ರೆ ಸಾಕು" ಅಂದರು. ಆಮೇಲೆ ಮೆತ್ತಗೆ, "ಎಲ್ಲರಿಗೂ ಪೂರ್ತಿ ಗುಣ ಆಗುತ್ತೆ ಅಂತ ಹೇಳಲ್ಲ. ನಿಮಗೆ ಆಗಬಹುದು" ಅಂದರು.

ನನಗೆ ಕೇಳಬೇಕಿದ್ದದ್ದು ಒಂದೇ. "ಹೆಂಡತೀನ ಎತ್ತಬಹುದಾ?"

"ಒಬ್ಬರೇ ಯಾವತ್ತೂ ಎತ್ತಂಗಿಲ್ಲ. ಮೇಲಿನ ಮಣಿ, ಕೆಳಗಿನ ಮಣಿ ಸರದಿಗೆ ಕಾಯ್ತಾ ಕೂತಿವೆ. ಮೈ ಸುಧಾರಿಸಿಕೊಂಡ ಮೇಲೆ, ಇಬ್ಬರು ಮೂವರು ಸೇರಿ, ದುಪ್ಪಟಿ ಹಿಡಿದು ಎತ್ತಿ. ನೀವು ಬರೀ ತಲೆ ಕಡೆ ನಿಂತ್ಕೊಳ್ಳಿ."

ಆಗಲಿ ಎಂದೆ. ತಣ್ಣನೆಯ ಮೇಜಿನ ಮೇಲೆ ಬೋರಲು ಮಲಗಿಸಿದರು. ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಎಚ್ಚರವಾಗಿಯೇ ಇದ್ದೆ. ಒತ್ತಿದ್ದು, ಕುಟ್ಟಿದ್ದು ಗೊತ್ತಾಗುತ್ತಿತ್ತು, ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆದ ಹಾಗೆ. ನನ್ನ ಜೀವಮಾನದಲ್ಲಿ ಮಾತಿಲ್ಲದ ಪಾತ್ರ ಅದೊಂದೇ. ಸಂಜೆ ನರ್ಸಮ್ಮ ಎಬ್ಬಿಸಿ ನಿಲ್ಲಿಸಿದಳು. ನೋವು ಇರಲಿಲ್ಲ. ಹುಡುಕಿದೆ, ಇರಲಿಲ್ಲ. ಸಂತೋಷ ಆಗಬೇಕಿತ್ತು, ಅದೂ ಕಾಣಲಿಲ್ಲ. ಟೀ ಕೊಟ್ಟರು, ಕುಡಿದೆ. ಬಿಸಿ ಇತ್ತು.

ಎರಡು ರಾತ್ರಿ ನಿನ್ನ ಅಕ್ಕನನ್ನು ದರ್ಜಿಯ ಹೆಂಡತಿ ನೋಡಿಕೊಂಡಳು. ನಾನು ಮನೆಗೆ ಬಂದಾಗ ಅವಳು ಸೂರು ನೋಡುತ್ತಾ ಮಲಗಿದ್ದಳು.

"ಸಿಮೆಂಟು ಬಿತ್ತಾ?" ಅಂದಳು.

"ಬಿತ್ತು. ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನವೇ. ಒಂದೇ ಉಸಿರಿನ ಮಾತನ್ನ ಎರಡು ತುಂಡು ಮಾಡಿದ್ರಲ್ಲ. ಭೂಮಂಡಲದ ಹತ್ರ ಉಸಿರು ತಗೊಂಡ್ರಿ."

"ಮತ್ತೆ ಆ ತಲೆಸುತ್ತು?"

"ಎಲ್ಲಿಯ ತಲೆಸುತ್ತು."

"ಒಂದು ದಿನವೂ ಬರಲಿಲ್ಲವಾ?"

"ಪಾತ್ರ ಹೇಗಿತ್ತು ಹೇಳಿ" ಅಂದಳು.

"ಚೆನ್ನಾಗಿತ್ತು" ಅಂದೆ.

ಇದು ನಿನ್ನ ಪ್ರಶ್ನೆಗೆ ಉತ್ತರ. ನನ್ನ ಬೆನ್ನು ಉಳಿಸಲು ಅವಳು ಮಲಗಿದಳು. ಅವಳ ಕಿಟಕಿ ಉಳಿಸಲು ನಾನು ಬಾಯಿ ಮುಚ್ಚಿಕೊಂಡಿದ್ದೆ. ಇಬ್ಬರಿಗೂ ನಟನೆಯ ಅಭ್ಯಾಸ ಜಾಸ್ತಿ. ಒಬ್ಬರಿಗಾದರೂ ಕೆಟ್ಟದಾಗಿ ನಟಿಸಲು ಬರಬೇಕಿತ್ತು. ಅಳು ಬರಲಿಲ್ಲವಾ ಎಂದು ದರ್ಜಿ ಕೇಳಿದ. ರಂಗದ ಮೇಲೆ ಬೇಕೆಂದಾಗ ಕೊಡ ಕೊಡ ಸುರಿಸಿದವನು ನಾನು. ಬರಲಿಲ್ಲ.

ಮುನಿಸು ಬಿಟ್ಟು ಬಂದು ಹೋಗು. ನಿನ್ನ ಹೆಂಡತಿಗೂ ಮಕ್ಕಳಿಗೂ ನಮ್ಮಿಬ್ಬರ ಹಾರೈಕೆ. ನಿನಗೆ ಒಳ್ಳೆಯದಾಗಲಿ, ಮೂಳೆ ಗಟ್ಟಿಯಾಗಿರಲಿ. ಈ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ತಿಳಿಯದು.

ಇಂತಿ,
ನಿನ್ನ ಭಾವ

ವಿ.ಸೂ.: ಇಷ್ಟಕ್ಕೇ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಡಿಸಿದೆ. ನೀನು ಬಂದು ಕಣ್ಣಾರೆ ನೋಡುವ ಮೊದಲು ಹೇಳಿಬಿಡುತ್ತೇನೆ.

ಡಾಕ್ಟರಮ್ಮ ಅಪ್ಪಣೆ ಕೊಟ್ಟರು. ಮೊನ್ನೆ ಶನಿವಾರ ಬೆಳಿಗ್ಗೆ ದರ್ಜಿ, ಅವನ ಹೆಂಡತಿ ದುಪ್ಪಟಿಯ ಎರಡು ಕಡೆ, ನಾನು ತಲೆಯ ಕಡೆ. ಕುರ್ಚಿಗೆ ದಿಂಬು ಹಾಕಿ, ಕಿಟಕಿ ತೆಗೆದಿಟ್ಟು, ಎತ್ತಿ ಕೂರಿಸಿದೆವು. ಅವಳ ಸೊಂಟ ಬಾಗಲಿಲ್ಲ. ಕುತ್ತಿಗೆ ಪಕ್ಕಕ್ಕೆ ವಾಲಿತು. ಮುಖ ಬಿಳಿಚಿ ಬೆವರಿತು. ಹೊರಗೆ ಯಾರೋ ಬಸ್ಸಿಗೆ ಕೈ ಮಾಡುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಮಲಗಿಸಿಬಿಡಿ ರೀ, ತಲೆ ಸುತ್ತುತ್ತೆ."

"ಸ್ವಲ್ಪ ಹೊತ್ತು ಕೂತ್ಕೊ."

"ಈ ಸಲ ನಾಟಕ ಅಲ್ಲ" ಅಂದಳು.

ಮಲಗಿಸಿದೆವು. ಬಹಳ ದಿನ ಮಲಗಿ ಮೈ ಕೂರುವುದನ್ನೇ ಮರೆತಿದೆ, ಇನ್ನು ಕಲಿತೀತು ಎಂದು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ದರ್ಜಿ ದುಪ್ಪಟಿ ಮಡಚಿಟ್ಟು ಹೋದ. ನಾನು ಕಿಟಕಿ ಹಾಕಿ, ಆ ಕುರ್ಚಿಯಲ್ಲಿ ಕೂತು, ಅಷ್ಟು ಭಾರ ಹಿಡಿದೆನಲ್ಲ, ಈಗಲಾದರೂ ಬೆನ್ನು ನೋಯುತ್ತದೆ ಎಂದು ಕಾದೆ. ನೋಯಲಿಲ್ಲ.