ಆಗಸ್ಟ್‌ನಲ್ಲಿ ಬಾರದ ಮೆಸೇಜ್

ಕಂಪ್ಲಿ, 4-8-2025

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಅಕ್ಕ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳಾ, ಕೂಸು ನಿದ್ದೆ ಮಾಡುತ್ತದಾ? ಅವಳ ಬಾಣಂತನ ಮುಗಿಯುವವರೆಗೆ ಸಂಡೂರು ಬಿಟ್ಟು ಬರಬೇಡ. ಅಪ್ಪ ಚೆನ್ನಾಗಿದ್ದಾನೆ. ಇದನ್ನು ಮೊದಲೇ ಬರೆದಿದ್ದೇನೆ, ಮುಂದಿನದನ್ನು ಓದಿ ಹೆದರಬೇಡ. ಫೋನಿನಲ್ಲಿ ಹೇಳಹೋದರೆ ಅತ್ತುಬಿಡುತ್ತೇನೆಂದು ಚನ್ನಯ್ಯ ಮಾವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟ ಕೂಡಲೇ ಅಪ್ಪನ ಫೋನಿಗೆ ಮೆಸೇಜ್ ಹೋಗುವಂತೆ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟ್ ಬರೆದಿದ್ದೆನಲ್ಲ. ಅಪ್ಪ ದಡದಲ್ಲಿ ನಿಂತು ಕೂಗಿದರೆ ಹರಿಗೋಲಿನವರು ಯಾರೂ ಹೊಳೆಗಿಳಿಯುವುದಿಲ್ಲ. ಜುಲೈನಲ್ಲಿ ಮೂರು ಸಲ ಸರಿಯಾಗಿ ಹೋಯಿತು. ಶನಿವಾರ ನೀರು ಬಿಟ್ಟರೂ ಹೋಗಲಿಲ್ಲ. ‘ಮಗಳ ಮೆಸೇಜ್ ಬಂದಿಲ್ಲಂದ್ರ ನೀರು ಬಿಟ್ಟಿಲ್ಲ ಬಿಡ್ರಿ’ ಎಂದು ಅಪ್ಪನೇ ಎಲ್ಲರಿಗಿಂತ ಮೊದಲು ಬಲೆ ಹಿಡಿದು ನಡುಹೊಳೆಗೆ ಹೋದ. ಹರಿಗೋಲು ಕೊಚ್ಚಿಹೋಗಿ ನಾಲ್ಕು ತಾಸು ಬಂಡೆಯ ಮೇಲೆ ಕೂತಿದ್ದ. ಕೊನೆಗೆ ಜಡೆಪ್ಪ ಕಾಕಾ ಹಗ್ಗ ಎಸೆದು ಎಳೆದುಕೊಂಡ.

ತಪ್ಪು ಹುಡುಕಲು ಎರಡು ದಿನ ಹಿಡಿಯಿತು. ತಿಂಗಳಿಗೊಂದು ಅಪಾಯದ ಮಟ್ಟ ಇಟ್ಟಿದ್ದೆ, ಅದಕ್ಕೆ ತಿಂಗಳ ಅಂಕಿ ಬೇಕು, ಜುಲೈಗೆ 07, ಆಗಸ್ಟ್‌ಗೆ 08. ಸೊನ್ನೆಯಿಂದ ಶುರುವಾಗುವ ಅಂಕಿಯನ್ನು ಸ್ಕ್ರಿಪ್ಟು ಎಂಟರ ಲೆಕ್ಕದಲ್ಲಿ ಓದುತ್ತದೆ, ಆ ಲೆಕ್ಕದಲ್ಲಿ ಏಳರ ಮೇಲೆ ಅಂಕಿಯೇ ಇಲ್ಲ. 07ರವರೆಗೆ ನಡೆದು, ಹೊಳೆ ತುಂಬುವ 08ಕ್ಕೇ ಕೈಕೊಟ್ಟಿತು. ಮೆಸೇಜ್ ಕಳಿಸುವ ಸಾಲು ನಡೆಯದಿದ್ದರೂ ಕಟ್ಟಕಡೆಯ ಸಾಲು ‘ಮುಗಿಯಿತು’ ಎಂದು ಬರೆಯಿತು. ಯಂತ್ರ ಆ ಒಂದೇ ಸಾಲು ನೋಡಿ ಎಲ್ಲ ಸರಿ ಎಂದಿತು, ನಾನೂ ನಂಬಿದೆ. ಈಗ ಹತ್ತರ ಲೆಕ್ಕದಲ್ಲೇ ಓದು ಎಂದು ಬರೆದಿದ್ದೇನೆ, ಎಲ್ಲಿ ಎಡವಿದರೂ ಅಲ್ಲೇ ನಿಂತು ನನ್ನನ್ನು ಕೂಗು ಎಂದೂ ಸೇರಿಸಿದ್ದೇನೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ನಾನು ಮಾಡಿದ್ದನ್ನು ಅಪ್ಪ ಉಂಡ. ಅವನಿಗೆ ಇದನ್ನು ಹೇಳಲು ಇನ್ನೂ ಬಾಯಿ ಬಂದಿಲ್ಲ.

ಅಕ್ಕನಿಗೆ ನನ್ನ ನೆನಪು, ಕೂಸಿನ ಕೆನ್ನೆಗೊಂದು ಮುತ್ತು. ನಿನ್ನ ಕಾಲಿಗೆ ಬಿದ್ದೆನೆಂದು ತಿಳಿ.

ನಿನ್ನ ಮಗಳು,
ದುರ್ಗಾ

ಮರೆತಿದ್ದೆ: ‘ಮೆಸೇಜ್ ಬಂದಿತ್ತು, ನಾನ ನೋಡಲಿಲ್ಲ’ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ನಾಳೆ ಮೀನುಗಾರರ ಸಂಘದವರು ಕೂಡುತ್ತಾರೆ, ಅಪ್ಪನ ಹೆಸರೆತ್ತಿ ‘ಮೂಕಣ್ಣನಿಗೆ ವಯಸ್ಸಾಯಿತು, ಕೂಗುವ ಕೆಲಸ ಬೇರೆಯವರಿಗೆ ಕೊಡೋಣ’ ಎನ್ನುತ್ತಿದ್ದಾರಂತೆ. ಅವನ ಫೋನು ನೋಡಿದೆ ಅವ್ವಾ, ಏನೂ ಬಂದಿಲ್ಲ. ಬಂದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು. ನಾಳೆ ಅವನು ಬಾಯಿ ತೆರೆಯುವ ಮೊದಲು ನಾನೇ ಎದ್ದು ನಿಜ ಹೇಳುತ್ತೇನೆ. ಆದರೆ ಆಮೇಲೆ ನನ್ನ ಮೆಸೇಜನ್ನು ಯಾರೂ ನಂಬದೆ ಹೋದರೆ, ನೀರು ಬಂದ ದಿನ ಏನು ಮಾಡಲಿ?