ಫೋಟೋ ತೆಗೆಯುವ ಗಿರಾಕಿ

ಮಾರ್ಚ್ ೧೧, ಬುಧವಾರ.

ನನ್ನ ನಾಲಿಗೆಗೆ ಬೆಂಕಿ ಬೀಳ. ಟೈಲರಜ್ಜ ಇವತ್ತೂ ನನ್ನ ಪುಸ್ತಕದಂಗಡಿಗೆ ಬಂದು, "ಈ ವಾರ ಯಾವುದು ಓದ್ಲಮ್ಮಾ?" ಅಂದರು. ನಾನು ತೋರಿಸಿದ ಕಾದಂಬರಿಯ ಮುಖಪುಟದ ಫೋಟೋ ತೆಗೆದುಕೊಂಡು, ಎಂದಿನಂತೆ ಕೊಳ್ಳದೆ ಪುಸ್ತಕ ವಾಪಸ್ಸಿಟ್ಟರು. ಎಷ್ಟು ತಿಂಗಳು ಸಹಿಸಿದ್ದೆನೋ, ಗಿರಾಕಿಗಳ ಎದುರೇ ಅಂದುಬಿಟ್ಟೆ: "ಫೋನಲ್ಲೇ ಕೊಳ್ಳೋದಾದ್ರೆ ಫೋನನ್ನೇ ಕೇಳಿ, ಅಜ್ಜಾ!"

ಅವರ ಮುಖ ಸಣ್ಣದಾಯಿತು. "ಕಣ್ಣು ಮಂಜಾಗಿದೆಯಮ್ಮಾ. ಫೋನಲ್ಲೇ ಕೊಂಡು ಓದಿದ್ರೆ ಅಕ್ಷರ ದೊಡ್ಡದು ಮಾಡ್ಕೋಬಹುದು. ಯಾವುದು ಓದ್ಬೇಕು ಅಂತ ಮಾತ್ರ ಅದಕ್ಕೆ ನಿನ್ನ ಹಾಗೆ ಹೇಳೋಕೆ ಬರಲ್ಲ." ಅಷ್ಟಂದು ಹೊರಟೇಹೋದರು.

ಇನ್ನು ಬರುತ್ತಾರೋ ಇಲ್ಲವೋ. ಅದೇ ಕಾದಂಬರಿಯನ್ನು ಮನೆಗೆ ತಂದು ಈಗ ಬಿಡಿಸಿದೆ. ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಾಕಿದರೂ ಒಂದು ಪುಟ ದಾಟಲಿಲ್ಲ. ಕೊನೆಗೆ ಪುಟದ ಫೋಟೋ ತೆಗೆದು, ಬೆರಳಲ್ಲಿ ಹಿಗ್ಗಿಸಿ ಓದಿದೆ.